ಪುರಾಡಳಿತಕ್ಕೊಂದು ಮೇಲ್ಪಂಕ್ತಿ

ಊರಿನ ಆಡಳಿತವನ್ನು ನಡೆಯಿಸುವ ಅಧಿಕಾರಿಯಲ್ಲಿ ಇರತಕ್ಕ ಗುಣಗಳಾವುವೆಂದು ಕೇಳುವವರಿಗೆ ನಾವು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಜೀವಿತವನ್ನು ತೋರಿಸುವೆವು.

ಮುದ್ದೇನಹಳ್ಳಿಯಲ್ಲಿ ಜನಿಸಿದ ಅವರು ಮುಂಬಯಿ ಸರ್ಕಾರದ ಇಂಜಿನಿಯರಾಗಿ ಸಿಂಧೂತೀರದ ಸುಕ್ಕೂರಿಗೆ ಶುದ್ಧಜಲವನ್ನೊದಗಿಸಿದರು. 1908ರಲ್ಲಿ ಮೂಸಿ ನದಿಯು ಉಕ್ಕಿ ಹೈದರಾಬಾದನ್ನು ಹಾಳುಗೆಡಹಿದ ಬಳಿಕ, ನಿಜಾಮರ ಸರ್ಕಾರದ ಕರೆಯಂತೆ ಅಲ್ಲಿಗೆ ಹೋಗಿ, ಪ್ರವಾಹವನ್ನು ತಡೆಯುವ ಜಲಾಶಯಗಳನ್ನೂ ನಗರದ ಒಳಚರಂಡಿಯನ್ನೂ ಯೋಜಿಸಿದರು. ಶೃಂಗಾರಕ್ಕೆ ಮೊದಲು ನೀರು, ನೀರಿನೊಡನೆ ಚರಂಡಿ, ನಗರಕಾರ್ಯದ ಕ್ರಮವಿದು.

1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದಾಗ ಅವರು ಬೆಂಕಿಪುರದಲ್ಲಿ, ಎಂದರೆ ನಮ್ಮ ಭದ್ರಾವತಿಯಲ್ಲಿ, ಕಬ್ಬಿಣದ ಕಾರ್ಖಾನೆಯ ಯೋಜನೆಯನ್ನು ನೆಲೆಗೊಳಿಸಿದರು. ಮಲೆನಾಡಿನ ಇದ್ದಿಲಿನಿಂದ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸುವ ಕುಲುಮೆಯು 1923ರಲ್ಲಿ ಹೊತ್ತಿತು. ಆದರೆ ಮಹಾಯುದ್ಧಾನಂತರ ಕಬ್ಬಿಣದ ಬೆಲೆ ಕುಸಿದಿತ್ತು; ಕಾರ್ಖಾನೆಯು ಬೊಕ್ಕಸಕ್ಕೆ ಹೊರೆಯೆಂಬ ಟೀಕೆ ಎದ್ದಿತು. ದಿವಾನಗಿರಿಯನ್ನು ಬಿಟ್ಟವರು ದೂರ ನಿಲ್ಲಬಹುದಾಗಿತ್ತು. ಅವರು ನಿಲ್ಲಲಿಲ್ಲ. ಆಡಳಿತಮಂಡಲಿಯ ಅಧ್ಯಕ್ಷತೆಯನ್ನು ವಹಿಸಿ 1929ರವರೆಗೆ ದುಡಿದರು, ವೆಚ್ಚವನ್ನು ಬಿಗಿಹಿಡಿದರು, ವಿದೇಶೀಯರ ಸ್ಥಾನಗಳಿಗೆ ನಮ್ಮವರನ್ನು ತರಬೇತುಗೊಳಿಸಿದರು. ಆ ಸೇವೆಯ ಸಂಭಾವನೆಯನ್ನು ಬೆಂಗಳೂರಿನ ಔದ್ಯೋಗಿಕ ವಿದ್ಯಾಲಯಕ್ಕಾಗಿ ವಿನಿಯೋಗಿಸಿದರು. 1955ರಲ್ಲಿ ಭಾರತರತ್ನರಾಗಿ, 1962ರಲ್ಲಿ ಕೀರ್ತಿಶೇಷರಾದರು.

ಇಂಥವರ ಪ್ರತಿಮೆಗೆ ಹಾರ ಹಾಕುವುದು ಸುಲಭ. ಶಿವಮೊಗ್ಗೆಯ ಪಾಲಿಕೆಯಲ್ಲಿಯೂ ಭದ್ರಾವತಿಯ ನಗರಸಭೆಯಲ್ಲಿಯೂ ಅಧಿಕಾರವಹಿಸುವವರು ಕಾಸುಕಾಸಿನ ಲೆಕ್ಕವನ್ನು ಪೌರರ ಮುಂದಿಡಲಿ. ಕೈಕೊಂಡ ಕೆಲಸವನ್ನು ಕಷ್ಟಕಾಲದಲ್ಲಿ ತೊರೆಯದಿರಲಿ. ಆ ಮಹನೀಯರಿಗೆ ಸಲ್ಲತಕ್ಕ ಪೂಜೆಯು ಅದೇ ಎಂಬುದು ನಮ್ಮ ಅಭಿಮತ.