ಲಾ ಓದಬೇಕಿದ್ದ ಹುಡುಗ ಸ್ಪ್ಯಾನಿಷ್ ಮೇಷ್ಟ್ರಾದದ್ದು

ಮನೆಯವರು ಒಂದು ಕೋರ್ಸಿಗೆ ಸೇರಿಸಿರ್ತಾರೆ, ನಾವು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಕವಿತೆ ಗೀಚ್ತಾ ಕೂತಿರ್ತೀವಿ. ನಮ್ಮ ಬಳಗದಲ್ಲಿ ಅರ್ಧಕ್ಕರ್ಧ ಜನ ಇದೇ ಪೈಕಿ. ಅದಕ್ಕೇ ಈ ಸಲ ಹೆನ್ರಿ ವಾಡ್ಸ್‌ವರ್ತ್ ಲಾಂಗ್‌ಫೆಲೋನ ಬದುಕನ್ನು ಆರಿಸಿಕೊಂಡೆವು. ಶಾಲೆಯ ಇಂಗ್ಲಿಷ್ ಪಾಠದಲ್ಲಿ ಇವನ ಪದ್ಯ ಬಾಯಿಪಾಠ ಮಾಡಿದವರು ನಮ್ಮಲ್ಲೂ ಇದ್ದಾರೆ. ಬಿಳಿ ಗಡ್ಡದ ಅಜ್ಜನ ಚಿತ್ರ ನೋಡಿರಬಹುದು. ಆ ಗಡ್ಡಕ್ಕೊಂದು ಕಾರಣ ಇದೆ, ಮುಂದೆ ಹೇಳ್ತೀವಿ.

ಹುಟ್ಟಿದ್ದು 1807ರ ಫೆಬ್ರವರಿ 27, ಅಮೆರಿಕದ ಪೋರ್ಟ್‌ಲ್ಯಾಂಡ್ ಎಂಬ ಬಂದರು ಊರಲ್ಲಿ. ಅಪ್ಪ ಸ್ಟೀಫನ್ ಲಾಂಗ್‌ಫೆಲೋ ಹೆಸರಾಂತ ವಕೀಲರು, ದೇಶದ ಸಂಸತ್ತಿಗೂ ಹೋಗಿ ಬಂದವರು. ಹುಡುಗನ ಮೊದಲ ಪದ್ಯ ಊರಿನ ಪತ್ರಿಕೆಯಲ್ಲಿ ಅಚ್ಚಾದಾಗ ಅವನಿಗೆ 13 ವರ್ಷ. 15ಕ್ಕೆ ಬೋಡನ್ ಕಾಲೇಜು ಸೇರಿದ. ಆ ಕಾಲೇಜಿನ ಟ್ರಸ್ಟಿಗಳಲ್ಲಿ ಅಪ್ಪನೂ ಒಬ್ಬರು. ಅದೇ ತರಗತಿಯಲ್ಲಿ ಇನ್ನೊಬ್ಬ ಹುಡುಗ ಇದ್ದ, ನಥಾನಿಯಲ್ ಹಾಥಾರ್ನ್, ಮುಂದೆ ದೊಡ್ಡ ಕಾದಂಬರಿಕಾರನಾದವನು. ಒಂದೇ ಬ್ಯಾಚಿನಲ್ಲಿ ಇಬ್ಬರು!

ಕೊನೇ ವರ್ಷದಲ್ಲಿ ಅವನ ಪದ್ಯಗಳು ಪತ್ರಿಕೆಗಳಲ್ಲಿ ಒಂದರ ಹಿಂದೆ ಒಂದು ಬರ್ತಾ ಇದ್ದವು. ಆಗಲೇ ಅಪ್ಪನಿಗೆ ಕಾಗದ ಬರೆದು ವಿಷಯ ಮುಟ್ಟಿಸಿದ: ತನಗೆ ವಕೀಲಿಕೆ ಬೇಡ, ಸಾಹಿತ್ಯದಲ್ಲೇ ಹೆಸರು ಮಾಡಬೇಕು ಅಂತ. ಅಪ್ಪ ಕಿರುಚಾಡಲಿಲ್ಲ. ಬರೀ ಬರವಣಿಗೆ ಮಾಡೋರನ್ನ ಸಾಕುವಷ್ಟು ದುಡ್ಡು, ದೊಡ್ಡ ಮನಸ್ಸು ಈ ದೇಶದಲ್ಲಿ ಇನ್ನೂ ಬಂದಿಲ್ಲ ಎಂಬ ಅರ್ಥದಲ್ಲಿ ಉತ್ತರ ಬರೆದರು. ಬೇಕಿದ್ರೆ ಒಂದು ವರ್ಷ ಸಾಹಿತ್ಯ ಓದಿಕೋ, ಆಮೇಲೆ ಲಾ. ಅಪ್ಪ ಹೇಳಿದ್ದು ಆ ಕಾಲಕ್ಕೆ ನಿಜವೂ ಆಗಿತ್ತು ಅನ್ನೋದೇ ಕಷ್ಟ. ಕವಿತೆ ಬರೆದು ಹೊಟ್ಟೆ ಹೊರೆದವರು ಅಮೆರಿಕದಲ್ಲಿ ಆಗ ಇರಲಿಲ್ಲ ಅಂದ್ರೂ ನಡೆಯುತ್ತೆ. ಸೃಜನಶೀಲ ಬರವಣಿಗೆ ಅಂತ ಒಂದು ಕೋರ್ಸು, ಒಂದು ಡಿಗ್ರಿ ಇರುತ್ತೆ ಅಂತ ಯಾರಿಗೂ ಹೊಳೆದೇ ಇರಲಿಲ್ಲ.

ದಾರಿ ತೆರೆದದ್ದು ಕಾಲೇಜು. 1825ರಲ್ಲಿ ಅವನು ಪದವಿ ಪಡೆಯೋ ಹೊತ್ತಿಗೆ ಆಧುನಿಕ ಭಾಷೆಗಳಿಗೆ ಒಂದು ಪೀಠ ಶುರುಮಾಡಲು ಟ್ರಸ್ಟಿಗಳು ಹೊರಟಿದ್ದರು. ಲ್ಯಾಟಿನ್, ಗ್ರೀಕ್ ಬಿಟ್ಟರೆ ಬೇರೆ ಭಾಷೆಗೆ ಬೆಲೆಯೇ ಇಲ್ಲದ ಕಾಲ ಅದು. 18ರ ಹುಡುಗನಿಗೇ ಆ ಕೆಲಸ ಕೊಡ್ತೀವಿ, ಆದರೆ ಮೊದಲು ಯುರೋಪಿಗೆ ಹೋಗಿ ಭಾಷೆಗಳನ್ನ ಕಲಿತು ಬರಬೇಕು ಅಂದರು. ಖರ್ಚು ಅಪ್ಪನದು! ಮೂರು ವರ್ಷಕ್ಕೆ 2,600 ಡಾಲರ್‌ಗೂ ಮೀರಿ ಬಿತ್ತು.

ಸ್ಪ್ಯಾನಿಷ್ ಬಂದದ್ದು ಹೀಗೆ, ಅದರಲ್ಲೂ ಅಪ್ಪನ ಕೈ ಇದೆ. 1826ರಲ್ಲಿ ಹಡಗು ಹತ್ತಿದ ಮಗ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಕಲೀತಿದ್ದ. ಜರ್ಮನಿಗೆ ಹೋಗು ಅಂತ ಹಾರ್ವರ್ಡಿನ ಜಾರ್ಜ್ ಟಿಕ್ನರ್ ಹೇಳಿದ್ದರು. ಅಪ್ಪನ ಲೆಕ್ಕವೇ ಬೇರೆ. ದಕ್ಷಿಣ ಅಮೆರಿಕದ ದೇಶಗಳು ಒಂದೊಂದಾಗಿ ಸ್ವತಂತ್ರವಾಗ್ತಿವೆ, ಅವುಗಳ ಜೊತೆ ವ್ಯವಹಾರ ಬೆಳೆಯುತ್ತೆ, ಆದ್ದರಿಂದ ಫ್ರೆಂಚಿನಷ್ಟೇ ಸ್ಪ್ಯಾನಿಷ್ಷೂ ಮುಖ್ಯ ಅಂತ ಬರೆದರು. ಈಗಿನ ಭಾಷೆಯಲ್ಲಿ ಹೇಳೋದಾದ್ರೆ ಜಾಬ್ ಮಾರ್ಕೆಟ್ ನೋಡಿ ಕೊಟ್ಟ ಸಲಹೆ. ಮಗ ಅದನ್ನ ಪಾಲಿಸಿದ, ಆದರೆ ಅದರಿಂದ ಅಪ್ಪ ಎಣಿಸದ ಬೇರೆಯೇ ಲಾಭ ತೆಗೆದ.

1827ರ ಮಾರ್ಚಿನಲ್ಲಿ ಸ್ಪೇನ್ ಮುಟ್ಟಿ ಸುಮಾರು ಎಂಟು ತಿಂಗಳು ಇದ್ದ. ಮ್ಯಾಡ್ರಿಡ್‌ನಲ್ಲಿ ಒಂದು ಕುಟುಂಬದ ಜೊತೆ ವಾಸ, ಮನೆಮಾತಿನಿಂದಲೇ ಕಲಿಕೆ. ಕೊನೆಗೆ ದಕ್ಷಿಣಕ್ಕಿಳಿದು ಕಾರ್ಡೋಬಾ, ಸೆವಿಲ್, ಗ್ರನಡಾ ನೋಡಿದ. ಚಿಕ್ಕಂದಿನಲ್ಲಿ ಓದಿ ಮರುಳಾಗಿದ್ದ ಸ್ಕೆಚ್ ಬುಕ್ಕಿನ ಲೇಖಕ ವಾಷಿಂಗ್ಟನ್ ಇರ್ವಿಂಗ್ ಮ್ಯಾಡ್ರಿಡ್‌ನಲ್ಲೇ ಇದ್ದು ಕೊಲಂಬಸ್ಸಿನ ಜೀವನಚರಿತ್ರೆ ಬರೀತಿದ್ದರು. ಬರೆಯೋದನ್ನ ಬಿಡಬೇಡ ಅಂತ ಹುರಿದುಂಬಿಸಿದರು. ಅಮೆರಿಕದವನೊಬ್ಬ ಬರವಣಿಗೆಯನ್ನೇ ಕಸುಬು ಮಾಡಿಕೊಂಡು ಬದುಕ್ತಿರೋದನ್ನ 20ರ ಹುಡುಗ ಕಣ್ಣಾರೆ ಕಂಡದ್ದು, ನಮ್ಮ ಪ್ರಕಾರ, ಯಾವ ಉಪದೇಶಕ್ಕಿಂತ ದೊಡ್ಡದು.

ಅತ್ತ ಕಾಲೇಜು ಮಾತು ಬದಲಿಸಿತು. ಪ್ರೊಫೆಸರ್ ಹುದ್ದೆ ಈಗ ಬೇಡ, ಬೋಧಕನಾಗಿ ಬಾ, ವರ್ಷಕ್ಕೆ 600 ಡಾಲರ್. ಆಗೋದಿಲ್ಲ ಅಂತ ಲಾಂಗ್‌ಫೆಲೋ ನೇರವಾಗಿ ಬರೆದ. ಕೈಯಲ್ಲಿ ಬೇರೆ ಆಫರ್ ಇರಲಿಲ್ಲ, ನೆನಪಿರಲಿ. ಕಾಲೇಜು ಬಗ್ಗಿತು: ಪ್ರೊಫೆಸರ್ ಪದವಿ, 800 ಡಾಲರ್, ಜೊತೆಗೆ ದಿನಕ್ಕೊಂದು ಗಂಟೆ ಲೈಬ್ರರಿ ನೋಡಿಕೊಂಡರೆ ಇನ್ನೂ 100.

ಹೀಗೆ 1829ರಲ್ಲಿ, 22ನೇ ವಯಸ್ಸಿಗೆ, ತಾನು ಓದಿದ ಕಾಲೇಜಿಗೇ ಮೇಷ್ಟ್ರಾಗಿ ಬಂದ. ಬಂದು ನೋಡಿದರೆ ಪಠ್ಯಪುಸ್ತಕಗಳೇ ಇಲ್ಲ. ಫ್ರೆಂಚ್ ವ್ಯಾಕರಣ ಅನುವಾದಿಸಿದ, ಸ್ಪ್ಯಾನಿಷ್ ಕಥೆಗಳ ಸಂಕಲನ ಅಚ್ಚು ಹಾಕಿಸಿದ. ಬೆಳಗಿಂದ ಸಂಜೆವರೆಗೂ ಪಾಠ ಒಪ್ಪಿಸಿಕೊಳ್ಳೋದು, ತಪ್ಪು ತಿದ್ದೋದು. ಸ್ವಂತ ಕವಿತೆ ಹೆಚ್ಚುಕಡಿಮೆ ನಿಂತೇ ಹೋಯಿತು. ಸಾಹಿತ್ಯಕ್ಕೆ ಅಂತ ಹಿಡಿದ ದಾರಿಯೇ ಸಾಹಿತ್ಯವನ್ನ ನುಂಗೋ ಹಾಗಾಯ್ತು.

ಅಲ್ಲಿಂದ ಅವನನ್ನ ಎತ್ತಿದ್ದು ಸ್ಪ್ಯಾನಿಷ್ಷೇ. 15ನೇ ಶತಮಾನದ ಯೋಧ ಕವಿ ಹೋರ್ಹೆ ಮಾನ್ರೀಕೆ, ತೀರಿಕೊಂಡ ತಂದೆಯ ಮೇಲೆ ಬರೆದ ಶೋಕಗೀತೆಯನ್ನ ಇಂಗ್ಲಿಷಿಗೆ ತಂದ. 1833ರಲ್ಲಿ ಪುಸ್ತಕವಾಯಿತು. ಅದರ ಛಂದಸ್ಸಿನ ವಿಚಾರ ಕನ್ನಡದವರಾದ ನಾವು ಸ್ವಲ್ಪ ನಿಂತು ನೋಡಬೇಕು. ಮಾನ್ರೀಕೆಯದು ಆರಾರು ಸಾಲಿನ ಕಟ್ಟು. ನಮ್ಮ ಭಾಮಿನಿ ಷಟ್ಪದಿಯಲ್ಲಿ 3 ಮತ್ತು 6ನೇ ಸಾಲು ಉದ್ದಕ್ಕೆ ಚಾಚುತ್ತಲ್ಲ, ಅಲ್ಲಿ ಅದೇ ಜಾಗದ ಸಾಲುಗಳು ಅರ್ಧಕ್ಕೆ ಮುರಿಯುತ್ತವೆ, ಉಸಿರು ಕಟ್ಟಿದ ಹಾಗೆ. ಲಾಂಗ್‌ಫೆಲೋ ಆ ಮುರಿದ ಸಾಲನ್ನ ಬಿಟ್ಟುಕೊಡಲಿಲ್ಲ, ಪ್ರಾಸದ ಜೋಡಣೆಯನ್ನ ಮಾತ್ರ ಇಂಗ್ಲಿಷಿಗೆ ಹೊಂದೋ ಹಾಗೆ ಬದಲಿಸಿದ. ಯಾವುದನ್ನ ಉಳಿಸಬೇಕು, ಯಾವುದನ್ನ ಬಿಡಬೇಕು ಅಂತ ಒಂದೊಂದು ಸಾಲಿಗೂ ತೀರ್ಮಾನ ಮಾಡಬೇಕಲ್ಲ, ಅವನಿಗೆ ಸಿಕ್ಕ ಬರವಣಿಗೆಯ ಕೋರ್ಸು ಅದೇ. ಪಾಠಕ್ಕೆ ಕಲಿತ ಭಾಷೆ, ಪದ್ಯ ಕಟ್ಟೋ ಕೈ ಎರಡೂ ಅಲ್ಲಿ ಒಂದಾದವು.

1834ರ ಕೊನೆಗೆ ಹಾರ್ವರ್ಡ್‌ನಿಂದ ಕರೆ ಬಂತು. ಟಿಕ್ನರ್ ಬಿಟ್ಟ ಫ್ರೆಂಚ್ ಮತ್ತು ಸ್ಪ್ಯಾನಿಷ್ ಪೀಠ. ಮತ್ತೆ ಯುರೋಪಿಗೆ ಹೋಗಿ ಬರಬೇಕಿತ್ತು. ಮದುವೆಯಾಗಿ ಸುಮಾರು ಮೂರೂವರೆ ವರ್ಷವಾಗಿದ್ದ ಹೆಂಡತಿ ಮೇರಿ ಜೊತೆಗೆ ಹೊರಟಳು. 1835ರ ನವೆಂಬರಿನಲ್ಲಿ, ಗರ್ಭಪಾತದ ನಂತರ, ರಾಟರ್‌ಡ್ಯಾಮ್‌ನಲ್ಲಿ ತೀರಿಕೊಂಡಳು. ಅವಳದು ಇನ್ನೂ ಚಿಕ್ಕ ವಯಸ್ಸು. ಅವನು ಊರಿಗೆ ಮರಳದೆ ಜರ್ಮನಿಗೆ ಹೋಗಿ ಓದು ಮುಂದುವರಿಸಿದ.

ಹಾರ್ವರ್ಡ್‌ನಲ್ಲಿ ಸುಮಾರು 18 ವರ್ಷ. ಈ ಅವಧಿಯಲ್ಲೇ ಕವಿತೆ ಉಕ್ಕಿ ಬಂತು: 1839ರಲ್ಲಿ ಮೊದಲ ಕವನ ಸಂಕಲನ, 1843ರಲ್ಲಿ ದ ಸ್ಪ್ಯಾನಿಷ್ ಸ್ಟೂಡೆಂಟ್ ಎಂಬ ನಾಟಕ, 1847ರಲ್ಲಿ ಇವಾಂಜಲಿನ್. ನಾಟಕದ ಎಳೆ ಸರ್ವಾಂಟಿಸ್‌ನ ಜಿಪ್ಸಿ ಹುಡುಗಿಯ ಕಥೆಯಿಂದ ಬಂದದ್ದು, ಕಾಲೇಜು ವಿದ್ಯಾರ್ಥಿಯೊಬ್ಬನೇ ನಾಯಕ. ನಾಟಕ ಅಷ್ಟಕ್ಕಷ್ಟೆ ಬಿಡಿ. ಎಡ್ಗರ್ ಅಲನ್ ಪೋ ಅಂತೂ ಕೃತಿಚೌರ್ಯದ ಆರೋಪ ಹೊರಿಸಿ ಇವನನ್ನ ವರ್ಷಗಟ್ಟಲೆ ಕಾಡಿದ. ಲಾಂಗ್‌ಫೆಲೋ ಪತ್ರಿಕೆಗಳಲ್ಲಿ ಜಗಳಕ್ಕಿಳಿಯಲಿಲ್ಲ. 1854ರಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಪೂರ್ತಿ ಬರವಣಿಗೆಗೆ ಇಳಿದ. ಆಗವನಿಗೆ 47. ಅಪ್ಪ ತೀರಿಹೋಗಿ ಐದು ವರ್ಷವಾಗಿತ್ತು.

ಗಡ್ಡದ ವಿಷಯ. 1861ರ ಜುಲೈನಲ್ಲಿ ಎರಡನೇ ಹೆಂಡತಿ ಫ್ಯಾನಿಯ ಉಡುಪಿಗೆ ಮನೆಯಲ್ಲೇ ಬೆಂಕಿ ಹತ್ತಿತು. ಆರಿಸಲು ಹೋದ ಇವನ ಮುಖ, ಕೈ ಸುಟ್ಟವು. ಅವಳು ಮರುದಿನ ಹೋದಳು. ಆ ಗಾಯದ ಮೇಲೆ ಕ್ಷೌರ ಮಾಡಿಕೊಳ್ಳಲಾಗದೆ ಬೆಳೆದ ಗಡ್ಡ ಅದು. ಸ್ವಂತ ಪದ್ಯ ಬರೆಯೋದು ಕಷ್ಟವಾದಾಗ ಮತ್ತೆ ಅನುವಾದದ ಕೈ ಹಿಡಿದ, ಡಾಂಟೆಯ ಮಹಾಕಾವ್ಯ 1867ರಲ್ಲಿ ಇಂಗ್ಲಿಷಿನಲ್ಲಿ ಹೊರಬಂತು.

1875ರಲ್ಲಿ ಬೋಡನ್ ಕಾಲೇಜಿನಲ್ಲಿ ಅವನ ಬ್ಯಾಚಿನ ಐವತ್ತನೇ ವರ್ಷದ ಕೂಟ. ಸಭೆಯಲ್ಲಿ ನಿಂತು ಓದೋದು ಅಂದ್ರೆ ಅವನಿಗೆ ಆಗದ ಕೆಲಸ. ಆದರೂ ಅದಕ್ಕೆಂದೇ ಬರೆದ ದೀರ್ಘ ಕವಿತೆಯನ್ನ ತಾನೇ ಓದಿದ. ಬ್ಯಾಚಿನ ಹಲವರು ಹೋಗಿಬಿಟ್ಟಿದ್ದರು, ಹಾಥಾರ್ನ್ ಕೂಡ. ಪಾಠ ಹೇಳಿದ ಮೇಷ್ಟ್ರುಗಳಲ್ಲಿ ಉಳಿದಿದ್ದವರು ಆಲ್ಫಿಯಸ್ ಪ್ಯಾಕರ್ಡ್ ಒಬ್ಬರೇ. ಅವರು ಲಾಂಗ್‌ಫೆಲೋ ತೀರಿಕೊಂಡ 1882ರಲ್ಲೂ ಅದೇ ಕಾಲೇಜಿನಲ್ಲೇ ಇದ್ದರು.