ಕೆನೆತ್ ಆಂಡರ್ಸನ್

ಕೆನೆತ್ ಆಂಡರ್ಸನ್ (8 ಮಾರ್ಚ್ 1910 – 30 ಆಗಸ್ಟ್ 1974) ಬೆಂಗಳೂರಿನಲ್ಲಿ ನೆಲೆಸಿದ್ದ ಬೇಟೆಗಾರ ಹಾಗೂ ಇಂಗ್ಲಿಷ್ ಲೇಖಕ. ದಕ್ಷಿಣ ಭಾರತದ ಕಾಡಂಚಿನ ಹಳ್ಳಿಗಳಲ್ಲಿ ಜನರನ್ನು ಕೊಲ್ಲುತ್ತಿದ್ದ ಹುಲಿ, ಚಿರತೆ, ಕರಡಿ ಮತ್ತು ಪುಂಡಾನೆಗಳನ್ನು ಬೇಟೆಯಾಡಿದ ಇವರು ಆ ಅನುಭವಗಳನ್ನು ಪುಸ್ತಕಗಳಾಗಿ ಬರೆದರು. ಸರ್ಕಾರಿ ದಾಖಲೆಗಳ ಪ್ರಕಾರ 1939ರಿಂದ 1966ರ ನಡುವೆ ಇವರು 8 ನರಭಕ್ಷಕ ಚಿರತೆಗಳನ್ನೂ 7 ನರಭಕ್ಷಕ ಹುಲಿಗಳನ್ನೂ ಕೊಂದಿದ್ದಾರೆ. ಕನ್ನಡದ ಓದುಗರಿಗೆ ಇವರು ಪರಿಚಿತರಾದದ್ದು ಮುಖ್ಯವಾಗಿ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ ಭಾವಾನುವಾದಗಳ ಮೂಲಕ.

ಆರಂಭಿಕ ಜೀವನ

ಆಂಡರ್ಸನ್ ಹುಟ್ಟಿದ್ದು ಹೈದರಾಬಾದ್ ಸಂಸ್ಥಾನದ ಬೊಲಾರಂನಲ್ಲಿ. ಸ್ಕಾಟ್ಲೆಂಡ್ ಮೂಲದ ಇವರ ಕುಟುಂಬ ಹಲವು ತಲೆಮಾರುಗಳಿಂದ ಭಾರತದಲ್ಲಿ ನೆಲೆಸಿತ್ತು. ತಂದೆ ಡಗ್ಲಸ್ ಸ್ಟುವರ್ಟ್ ಆಂಡರ್ಸನ್ ಸೈನ್ಯದ ಲೆಕ್ಕಪತ್ರ ಇಲಾಖೆಯ ಅಧಿಕಾರಿಯಾಗಿದ್ದರು. ಮಗನಲ್ಲಿ ಬೇಟೆಯ ಆಸಕ್ತಿ ಮೂಡಿದ್ದು ತಂದೆಯಿಂದಲೇ. ಕೆನೆತ್ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ ಸೇಂಟ್ ಜೋಸೆಫ್ ಕಾಲೇಜಿನಲ್ಲಿಯೂ ಓದಿದರು. ಕಾನೂನು ವ್ಯಾಸಂಗಕ್ಕಾಗಿ ಎಡಿನ್‌ಬರೋಗೆ ಹೋದರಾದರೂ ಅದನ್ನು ಪೂರ್ಣಗೊಳಿಸದೆ ಭಾರತಕ್ಕೆ ಮರಳಿದರು. ಸುಮಾರು 15 ವರ್ಷ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ದುಡಿದು, ಅನಂತರ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಯೋಜನಾ ವಿಭಾಗದ ವ್ಯವಸ್ಥಾಪಕರಾದರು. ಬೇಟೆ ಇವರ ವೃತ್ತಿಯಾಗಿರಲಿಲ್ಲ. ನರಭಕ್ಷಕವೊಂದರ ಸುದ್ದಿ ಬಂದಾಗ ಕಚೇರಿಗೆ ರಜೆ ಹಾಕಿ ಹೊರಡಬೇಕಾಗುತ್ತಿತ್ತು. ರಜೆ ಮುಗಿದ ಕಾರಣ ಅರ್ಧಕ್ಕೇ ಹಿಂದಿರುಗಿದ ಪ್ರಸಂಗಗಳೂ ಇವರ ಬರಹಗಳಲ್ಲಿವೆ.

ಆಯುಧ ಮತ್ತು ಸಲಕರಣೆ

ಆಂಡರ್ಸನ್ ಬಹುಕಾಲ ಬಳಸಿದ ಆಯುಧ 1895ರ ಮಾದರಿಯ .405 ವಿಂಚೆಸ್ಟರ್ ರೈಫಲ್. ಜಾನ್ ಬ್ರೌನಿಂಗ್ ವಿನ್ಯಾಸಗೊಳಿಸಿದ ಈ ರೈಫಲ್‌ಗೆ ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ 1909ರ ಆಫ್ರಿಕಾ ಯಾತ್ರೆಯಲ್ಲಿ ಒಯ್ದ ಕಾರಣ ವ್ಯಾಪಕ ಹೆಸರು ಬಂದಿತ್ತು. ಇದರ ಗುಂಡಿನ ತೂಕ 300 ಗ್ರೇನ್, ಅಂದರೆ ಸುಮಾರು 19 ಗ್ರಾಂ. ಹಿಡಿಯ ಕೆಳಗಿನ ಸನ್ನೆಯನ್ನು ಒಮ್ಮೆ ಹಿಂದೆ ಮುಂದೆ ಆಡಿಸಿದರೆ ಖಾಲಿ ತೋಟಾ ಹೊರಬಿದ್ದು ಹೊಸದು ಒಳಸೇರುತ್ತಿತ್ತು. ಹತ್ತಿರದಿಂದ ಮೈಮೇಲೆ ಬರುವ ಹುಲಿ ಅಥವಾ ಕರಡಿಗೆ ಎರಡನೆಯ ಗುಂಡನ್ನು ತಡವಿಲ್ಲದೆ ಹಾರಿಸಲು ಈ ವ್ಯವಸ್ಥೆ ಅನುಕೂಲವಾಗಿತ್ತು. ಆನೆಯಂಥ ಪ್ರಾಣಿಗೆ ಇನ್ನೂ ಭಾರವಾದ ಆಯುಧಗಳು ಆ ಕಾಲದಲ್ಲಿ ದೊರೆಯುತ್ತಿದ್ದವು. ಆದರೂ ಆಂಡರ್ಸನ್ ತಾವು ರೂಢಿಸಿಕೊಂಡಿದ್ದ ರೈಫಲನ್ನೇ ನೆಚ್ಚಿಕೊಂಡರು.

ಹುಲಿ, ಚಿರತೆಗಳು ಹೆಚ್ಚಾಗಿ ಸಂಚರಿಸುವುದು ರಾತ್ರಿಯಲ್ಲಾದ್ದರಿಂದ ರೈಫಲಿನ ನಳಿಗೆಗೆ ಬಿಗಿದ ಟಾರ್ಚು ಇವರ ಎರಡನೆಯ ಮುಖ್ಯ ಸಲಕರಣೆಯಾಗಿತ್ತು. ಬೆಳಕು ಮತ್ತು ಗುರಿ ಒಂದೇ ದಿಕ್ಕಿಗೆ ಇರುವಂತೆ ಅದನ್ನು ಅಳವಡಿಸಿ, ಕೊನೆಯ ಕ್ಷಣದವರೆಗೂ ಬೆಳಗಿಸದೆ ಕಾಯುವುದು ಪದ್ಧತಿ. ಇವುಗಳ ಜತೆಗೆ ನೀರು, ಚಹಾ, ಬೆಚ್ಚನೆಯ ಉಡುಪು ಇರುತ್ತಿದ್ದವು. ಇಡೀ ರಾತ್ರಿ ಕದಲದೆ ಕೂರಬೇಕಾದವನಿಗೆ ಇವೂ ಆಯುಧದಷ್ಟೇ ಅಗತ್ಯವಾಗಿದ್ದವು.

ಬೇಟೆಯ ವಿಧಾನ

ಆಂಡರ್ಸನ್ ಹೆಚ್ಚಾಗಿ ಒಂಟಿಯಾಗಿ ಬೇಟೆಯಾಡುತ್ತಿದ್ದರು. ಹಳ್ಳಿಗೆ ತಲುಪಿದ ಮೇಲೆ ಮೊದಲು ನಡೆಯುತ್ತಿದ್ದುದು ವಿಚಾರಣೆ. ಯಾವ ದಿನ, ಯಾವ ಹೊತ್ತಿನಲ್ಲಿ, ಯಾವ ದಾರಿಯಲ್ಲಿ ಯಾರು ಸತ್ತರೆಂಬುದನ್ನು ಕೇಳಿ ತಿಳಿದು ಪ್ರಾಣಿಯ ಸಂಚಾರದ ಕ್ರಮವನ್ನು ಗುರುತಿಸಲು ಪ್ರಯತ್ನಿಸುತ್ತಿದ್ದರು. ಹೆಜ್ಜೆಗುರುತುಗಳಿಂದ ಗಂಡು ಹೆಣ್ಣು, ವಯಸ್ಸು, ಗಾಯಗಳನ್ನು ಊಹಿಸುತ್ತಿದ್ದರು. ಒಂದೇ ಕಾಡಿನಲ್ಲಿ ಮನುಷ್ಯರ ತಂಟೆಗೆ ಬಾರದ ಹುಲಿಗಳೂ ಇರುವುದರಿಂದ ತಪ್ಪು ಪ್ರಾಣಿಯನ್ನು ಕೊಂದರೆ ಎರಡು ನಷ್ಟಗಳಾಗುತ್ತಿದ್ದವು. ನಿರಪರಾಧಿ ಪ್ರಾಣಿ ಸಾಯುತ್ತಿತ್ತು, ಅಪಾಯ ಕಳೆಯಿತೆಂದು ನಂಬಿದ ಹಳ್ಳಿಗರು ಮತ್ತೆ ಕಾಡಿನ ದಾರಿ ಹಿಡಿದು ನರಭಕ್ಷಕಕ್ಕೆ ಬಲಿಯಾಗುತ್ತಿದ್ದರು.

ಅನಂತರ ಎಮ್ಮೆಕರು ಅಥವಾ ಆಡನ್ನು ಆಮಿಷವಾಗಿ ಕಟ್ಟಿ ಇಲ್ಲವೆ ಪ್ರಾಣಿ ಕೊಂದುಹಾಕಿದ್ದ ಬಲಿಯ ಸಮೀಪದಲ್ಲಿ ಮರದ ಮೇಲೆ ಅಟ್ಟಣೆ ಕಟ್ಟಿ ಕಾಯುತ್ತಿದ್ದರು. ಹುಲಿ, ಚಿರತೆಗಳು ಬೇಟೆಯಲ್ಲಿ ವಾಸನೆಗಿಂತ ಕಣ್ಣು ಕಿವಿಗಳನ್ನು ನೆಚ್ಚುವುದರಿಂದ ಅವುಗಳಿಗಾಗಿ ಕಾಯುವಾಗ ಗಾಳಿಯ ದಿಕ್ಕಿಗಿಂತ ನಿಶ್ಚಲತೆ ಮುಖ್ಯ. ಕರಡಿಯದು ಇದಕ್ಕೆ ವಿರುದ್ಧ; ಅದರ ದೃಷ್ಟಿ ಮಂದ, ಘ್ರಾಣಶಕ್ತಿ ತೀಕ್ಷ್ಣ.

ಕಾಯುವಾಗ ಜಿಂಕೆಗಳೇ ಇವರಿಗೆ ಸುದ್ದಿ ತರುತ್ತಿದ್ದವು. ಕಡವೆಯ ಗಡಸು ಕೂಗು, ಚುಕ್ಕಿ ಜಿಂಕೆಯ ಎಚ್ಚರಿಕೆಯ ಸದ್ದು, ಕಾಡುಕುರಿಯ ಬೊಗಳು, ಮುಸುವಗಳ ಕೆಮ್ಮು ಒಂದರ ಹಿಂದೊಂದು ಕೇಳಿಬಂದರೆ ಬೇಟೆಪ್ರಾಣಿ ಯಾವ ಕಡೆಯಿಂದ ಬರುತ್ತಿದೆಯೆಂದು ತಿಳಿಯುತ್ತಿತ್ತು. ಈ ವಿದ್ಯೆಯಲ್ಲಿ ತಮಗೆ ಗುರುವಾದವರೆಂದು ಆಂಡರ್ಸನ್ ನೆನೆಯುವುದು ಕಾಡುವಾಸಿ ಬೈರ ಪೂಜಾರಿಯನ್ನು. ಪೆನ್ನಾಗರಂ ಕಡೆಯ ರಂಗನೂ ಹಲವು ಬೇಟೆಗಳಲ್ಲಿ ಇವರ ಸಂಗಾತಿಯಾಗಿದ್ದನು. ಗುಂಡು ತಗುಲಿ ತಪ್ಪಿಸಿಕೊಂಡ ಪ್ರಾಣಿಯನ್ನು ನೆತ್ತರಿನ ಜಾಡು ಹಿಡಿದು ಹುಡುಕಿ ಕೊನೆಗಾಣಿಸುವುದು ಬೇಟೆಗಾರನ ಕರ್ತವ್ಯವೆಂದು ಇವರು ತಿಳಿದಿದ್ದರು. ಬೇಟೆಯ ಅತ್ಯಂತ ಅಪಾಯಕಾರಿ ಹಂತವೂ ಅದೇ ಆಗಿತ್ತು.

ಪ್ರಮುಖ ಬೇಟೆಗಳು

ಗುಮ್ಮಳಾಪುರ ಮತ್ತು ದೇವರಬೆಟ್ಟದ ಸುತ್ತಮುತ್ತ ಸುಮಾರು 42 ಜನರನ್ನು ಕೊಂದಿದ್ದ ಚಿರತೆಯ ಬೇಟೆ ಇವರ ಕಥನಗಳಲ್ಲಿ ಹೆಸರಾದದ್ದು. ಜನವಸತಿಗೇ ನುಗ್ಗುತ್ತಿದ್ದ ಆ ಚಿರತೆಗೆ ಅಟ್ಟಣೆ ಪ್ರಯೋಜನಕ್ಕೆ ಬರಲಿಲ್ಲ. ಆಂಡರ್ಸನ್ ಮನುಷ್ಯರ ವಾಸಸ್ಥಳದಲ್ಲೇ ಕುಳಿತು ಕಾಯಬೇಕಾಯಿತು. ಅಂತಿಮವಾಗಿ ಚಿರತೆಯ ಸುಳಿವು ಕೊಟ್ಟು ಅವರನ್ನು ಉಳಿಸಿದ್ದು ಜತೆಗಿದ್ದ ನಾಯಿಯೊಂದರ ಗುರುಗುಟ್ಟುವಿಕೆ. ಆ ನಾಯಿಯನ್ನು ಅವರು ನಿಪ್ಪರ್ ಎಂದು ಕರೆದು ಸಾಕಿಕೊಂಡರು.

ಜವಳಗಿರಿಯ ಹೆಣ್ಣುಹುಲಿ 15 ಜನರನ್ನು ಕೊಂದಿತ್ತು. ಅದರ ಜತೆಗಾರ ಗಂಡುಹುಲಿ ಮೊದಲೇ ಕೋವಿಗೆ ಬಲಿಯಾಗಿತ್ತು. ಆಂಡರ್ಸನ್ ಗಂಡುಹುಲಿಯ ಕೂಗನ್ನು ಅನುಕರಿಸಿ ಅದನ್ನು ಬಳಿಗೆ ಕರೆತಂದು ಕೊಂದರು.

ಅರಸೀಕೆರೆಯ ಸಮೀಪದ ಬೆಟ್ಟಗಳಲ್ಲಿ ಕರಡಿಯೊಂದು ಕನಿಷ್ಠ 12 ಜನರನ್ನು ಕೊಂದು, ಇನ್ನೂ ಎರಡು ಡಜನ್‌ನಷ್ಟು ಜನರನ್ನು ಗಾಯಗೊಳಿಸಿತ್ತು. ಬದುಕುಳಿದವರಲ್ಲಿ ಅನೇಕರ ಮುಖಗಳು ವಿರೂಪಗೊಂಡಿದ್ದವು. ನಿಗದಿತ ನೆಲೆಯಿಲ್ಲದ ಈ ಕರಡಿಗಾಗಿ ಒಂದಕ್ಕಿಂತ ಹೆಚ್ಚು ಬಾರಿ ಬರಿಗೈಯಲ್ಲಿ ಮರಳಿದ ಬಳಿಕವೇ ಆಂಡರ್ಸನ್ ಅದನ್ನು ಕೊಲ್ಲಲು ಸಾಧ್ಯವಾಯಿತು.

ಬರವಣಿಗೆ ಮತ್ತು ನಿಲುವು

ಇವರ ಮೊದಲ ಬೇಟೆ ಪುಸ್ತಕ 1954ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಂಬತ್ತು ನರಭಕ್ಷಕಗಳ ಮತ್ತು ಒಂದು ಪುಂಡಾನೆಯ ಕಥನಗಳಿವೆ. ಅನಂತರ 1957ರಿಂದ 1970ರವರೆಗೆ ಹಲವು ಕೃತಿಗಳು ಬಂದವು. ಕೊನೆಯದು ನಿಧನಾನಂತರ 1976ರಲ್ಲಿ ಹೊರಬಂದಿತು. ಹುಲಿ, ಚಿರತೆಗಳು ನರಭಕ್ಷಕಗಳಾಗಲು ಬಹುಪಾಲು ಮನುಷ್ಯನೇ ಕಾರಣ ಎಂಬುದು ಈ ಬರಹಗಳಲ್ಲಿ ಮರಳಿ ಮರಳಿ ಬರುವ ವಿಚಾರ. ಅರೆಬರೆ ಗುಂಡೇಟು, ಮುಳ್ಳುಹಂದಿಯ ಮುಳ್ಳು ಅಥವಾ ಮುಪ್ಪಿನಿಂದ ಕುಂಟಾದ ಪ್ರಾಣಿ ಜಿಂಕೆಯನ್ನು ಹಿಡಿಯಲಾರದೆ ಮನುಷ್ಯನತ್ತ ತಿರುಗುತ್ತದೆ. ಜಿಂಕೆಗಳೇ ಕಳ್ಳಬೇಟೆಯಿಂದ ಮುಗಿದುಹೋದ ಕಾಡಿನಲ್ಲಿ ಆರೋಗ್ಯವಂತ ಪ್ರಾಣಿಗೂ ಅದೇ ಗತಿ. ರಾತ್ರಿ ವಾಹನದ ದೀಪ ಹಾಯಿಸಿ ಜಿಂಕೆಗಳನ್ನು ಕೊಲ್ಲುವುದನ್ನು ಇವರು ಖಂಡಿಸುತ್ತಿದ್ದರು. ನಂತರದ ವರ್ಷಗಳಲ್ಲಿ ಕೋವಿಗಿಂತ ಕ್ಯಾಮೆರಾದ ಕಡೆಗೆ ಒಲವು ತೋರಿ, ವನ್ಯಜೀವಿಗಳ ರಕ್ಷಣೆಯನ್ನು ಪ್ರತಿಪಾದಿಸಿದರು.

ಕನ್ನಡದಲ್ಲಿ

ಪೂರ್ಣಚಂದ್ರ ತೇಜಸ್ವಿಯವರು ಆಂಡರ್ಸನ್ನರ ಕಥನಗಳನ್ನು ಕಾಡಿನ ಕತೆಗಳು ಮಾಲಿಕೆಯಲ್ಲಿ ಕನ್ನಡಕ್ಕೆ ತಂದರು. ಬೆಳ್ಳಂದೂರಿನ ನರಭಕ್ಷಕ, ಪೆದ್ದಚೆರುವಿನ ರಾಕ್ಷಸ, ಜಾಲಹಳ್ಳಿಯ ಕುರ್ಕ ಹಾಗೂ ಮುನಿಶಾಮಿ ಮತ್ತು ಮಾಗಡಿ ಚಿರತೆ ಈ ಮಾಲಿಕೆಯ ಪುಸ್ತಕಗಳು.

ನಿಧನ

ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಆಂಡರ್ಸನ್ 1974ರ ಆಗಸ್ಟ್ 30ರಂದು ಬೆಂಗಳೂರಿನಲ್ಲಿ ನಿಧನರಾದರು. ಅದಕ್ಕೆ ಎರಡು ವರ್ಷ ಮೊದಲು, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತ್ತು. 1973ರಲ್ಲಿ ಆರಂಭವಾದ ಹುಲಿ ಯೋಜನೆಯ ಮೊದಲ ಮೀಸಲು ಪ್ರದೇಶಗಳಲ್ಲಿ ಕರ್ನಾಟಕದ ಬಂಡೀಪುರವೂ ಸೇರಿತ್ತು. ಇವರ ಮಗ ಡೊನಾಲ್ಡ್ ಆಂಡರ್ಸನ್ ಕೂಡ ಬೇಟೆಗಾರರಾಗಿದ್ದರು.