ಮೇಣದ ಹಾಳೆಯ ಕ್ಯಾಪ್ಟನ್

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ಕುರಿತು ನಮ್ಮಲ್ಲಿ ಬಂದಿರುವ ಬರಹಗಳಿಗೆ ಲೆಕ್ಕವಿಲ್ಲ. ಆ ಭಿತ್ತಿಗಳನ್ನು ಕೆತ್ತಿದವರನ್ನೂ ಕೆತ್ತಿಸಿದವರನ್ನೂ ನಾವು ಅಭಿಮಾನದಿಂದ ನೆನೆಯುತ್ತೇವೆ. ಆದರೆ ಆ ಶಿಲೆಯ ಮೇಲೆ ಆಡುವ ಬೆಳಕು ನೆರಳುಗಳನ್ನು ಕಾಗದಕ್ಕೆ ಇಳಿಸಿದ ಮೊದಲಿಗರಲ್ಲಿ ಒಬ್ಬನಾದ ಲಿನಿಯಸ್ ಟ್ರೈಪನ ಹೆಸರು ಕನ್ನಡ ವಾಚಕರಿಗೆ ಅಷ್ಟಾಗಿ ಪರಿಚಿತವಲ್ಲ. ಛಾಯಾಚಿತ್ರಣದ ಇತಿಹಾಸವನ್ನು ಬಲ್ಲವರಿಗೆ ಮಾತ್ರ ಅದು ದೊಡ್ಡ ಹೆಸರು. 2014 ಮತ್ತು 2015ರಲ್ಲಿ ವಾಷಿಂಗ್ಟನ್, ನ್ಯೂಯಾರ್ಕ್, ಲಂಡನ್ ನಗರಗಳ ಮಹಾ ಸಂಗ್ರಹಾಲಯಗಳಲ್ಲಿ ಅವನ ಚಿತ್ರಗಳ ಪ್ರದರ್ಶನ ನಡೆಯಿತು. ಅವನ ಬಾಳಿನಲ್ಲಿ ಇಂದಿನವರಿಗೂ ಒಂದು ಪಾಠವಿದೆಯೆಂದು ನಾನು ನಂಬಿರುವುದರಿಂದ ಈ ನಾಲ್ಕು ಮಾತು.

ಟ್ರೈಪ್ ಹುಟ್ಟಿದ್ದು 1822ರ ಏಪ್ರಿಲ್‌ನಲ್ಲಿ, ಇಂಗ್ಲೆಂಡಿನ ಡೆವನ್ ಪ್ರಾಂತದ ಡೆವನ್‌ಪೋರ್ಟ್ ಎಂಬ ಬಂದರು ಪಟ್ಟಣದಲ್ಲಿ. ತಂದೆ ವೈದ್ಯ, ಮನೆ ತುಂಬ ಮಕ್ಕಳು. ಸಸ್ಯಗಳಿಗೆ ಹೆಸರಿಟ್ಟು ವಿಂಗಡಿಸಿದ ಸ್ವೀಡನ್ನಿನ ಪಂಡಿತನ ಹೆಸರೇ ಈ ಹುಡುಗನಿಗೂ ಬಂದಿತ್ತು. ಹದಿಹರೆಯದಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯವನ್ನು ಸೇರಿ ಭಾರತಕ್ಕೆ ಬಂದನು. ಸುಮಾರು ಹನ್ನೆರಡು ವರ್ಷ ಸೇವೆ ಮಾಡಿ ದೀರ್ಘ ರಜೆಯ ಮೇಲೆ ಊರಿಗೆ ಹೋದಾಗ ಅವನಿಗೆ ಹಿಡಿದದ್ದು ಛಾಯಾಚಿತ್ರದ ಹುಚ್ಚು. 1853ರಲ್ಲಿ ಲಂಡನ್ನಿನ ಫೋಟೋಗ್ರಾಫಿಕ್ ಸೊಸೈಟಿ ಸ್ಥಾಪನೆಯಾದಾಗ ಅವನೂ ಅದರ ಸದಸ್ಯನಾದನು. ಹುಟ್ಟೂರಿನ ಹಡಗುಕಟ್ಟೆಯ ಚಿತ್ರಗಳನ್ನು ತೆಗೆದು ಕೈ ಪಳಗಿಸಿಕೊಂಡನು. 1854ರಲ್ಲಿ ಕ್ಯಾಪ್ಟನ್ ಟ್ರೈಪ್ ಬೆಂಗಳೂರು ದಂಡಿಗೆ ಮರಳಿದಾಗ ಅವನ ಸಾಮಾನಿನೊಡನೆ ಕ್ಯಾಮೆರಾ ಒಂದು ಬಂದಿತ್ತು.

ಆ ಕಾಲದ ಛಾಯಾಗ್ರಾಹಕನ ಮುಂದೆ ಎರಡು ದಾರಿಗಳಿದ್ದವು. ಒಂದು ಕಾಗದದ ದಾರಿ. 1841ರಲ್ಲಿ ಟಾಲ್ಬಟ್ ಹಕ್ಕುಪತ್ರ ಪಡೆದ ಕಾಗದದ ನೆಗೆಟಿವ್ ವಿಧಾನವನ್ನು ಫ್ರಾನ್ಸಿನ ಲ ಗ್ರೇ ಎಂಬಾತನು ತಿದ್ದಿ, ತೆಳುಹಾಳೆಗೆ ಮೊದಲೇ ಮೇಣವನ್ನು ಹೀರಿಸಿ, ಬಳಿಕ ರಾಸಾಯನಿಕಗಳಲ್ಲಿ ಅದ್ದುವ ಕ್ರಮವನ್ನು 1851ರಲ್ಲಿ ಪ್ರಕಟಿಸಿದನು. ಮತ್ತೊಂದು ಗಾಜಿನ ದಾರಿ. ಅದೇ 1851ರಲ್ಲಿ ಆರ್ಚರ್ ಎಂಬಾತನು ಗಾಜಿನ ಫಲಕಕ್ಕೆ ಕೊಲೋಡಿಯನ್ ಅಂಟನ್ನು ಸವರುವ ವಿಧಾನವನ್ನು ಹೊರತಂದನು. ಗಾಜಿನಲ್ಲಿ ಚಿತ್ರ ಹರಿತವಾಗಿ ಮೂಡುತ್ತಿತ್ತು, ಬೆಳಕು ತೋರಿಸಬೇಕಾದ ಕಾಲವೂ ಕಡಿಮೆ. ಕೆಲವೇ ವರ್ಷಗಳಲ್ಲಿ ಯೂರೋಪಿನ ಕಸುಬುದಾರರು ಕಾಗದವನ್ನು ಕೈಬಿಟ್ಟು ಗಾಜಿನ ಕಡೆಗೆ ಸರಿದರು.

ಆದರೆ ಗಾಜಿನ ಫಲಕವನ್ನು ಹಸಿಯಾಗಿರುವಾಗಲೇ ಸಿದ್ಧಪಡಿಸಿ, ಹಸಿಯಾಗಿರುವಾಗಲೇ ಚಿತ್ರ ತೆಗೆದು, ಹಸಿಯಾಗಿರುವಾಗಲೇ ತೊಳೆಯಬೇಕು. ಎಲ್ಲವೂ ಕೆಲವೇ ನಿಮಿಷಗಳ ಆಟ. ನಮ್ಮ ಬಿಸಿಲಿನಲ್ಲಿ ಅಂಟು ಒಣಗುವುದಕ್ಕೆ ಎಷ್ಟು ಹೊತ್ತು? ಹೋದಲ್ಲೆಲ್ಲ ಕತ್ತಲ ಡೇರೆಯನ್ನು ಹೊತ್ತೊಯ್ಯಬೇಕು. ಗಾಜಿನ ಭಾರ ಬೇರೆ, ಒಡೆಯುವ ಭಯ ಬೇರೆ. ಮೇಣದ ಹಾಳೆಯಾದರೋ ಒಣಗಿದ ಮೇಲೂ ಕೆಲವು ದಿನ ಕೆಡದೆ ನಿಲ್ಲುತ್ತಿತ್ತು. ಮುಂಚೆಯೇ ಸಿದ್ಧಮಾಡಿಕೊಂಡು ಹೊರಡಬಹುದು. ಬಿಡಾರಕ್ಕೆ ಬಂದ ಮೇಲೆ ಸಾವಧಾನವಾಗಿ ತೊಳೆಯಬಹುದು. ಬೆಲೆಯಾಗಿ ತೆರಬೇಕಾದದ್ದು ನಿಮಿಷಗಟ್ಟಲೆ ಅಲುಗದೆ ಕಾಯುವ ತಾಳ್ಮೆ. ಟ್ರೈಪ್ ಹಾಳೆಯನ್ನೇ ಆರಿಸಿಕೊಂಡನು.

1854ರ ಡಿಸೆಂಬರ್‌ನಲ್ಲಿ ಅವನು ಹಳೇಬೀಡು ಬೇಲೂರುಗಳಿಗೆ ಹೊರಟನು. ಬೆಂಗಳೂರಿಗೆ ರೈಲು ಬರಲು ಇನ್ನೂ ಹತ್ತು ವರ್ಷವಿತ್ತು. ಸರ್ಕಾರದ ಅಪ್ಪಣೆಯ ಕೆಲಸವಲ್ಲ. ಅವನ ಸ್ವಂತ ಆಸಕ್ತಿಯ ಕೆಲಸ. ಚಿತ್ರವನ್ನು ಹಿಗ್ಗಿಸಿ ಮುದ್ರಿಸುವ ಅನುಕೂಲ ಅಂದಿಲ್ಲದ ಕಾರಣ ಎಷ್ಟು ದೊಡ್ಡ ಚಿತ್ರ ಬೇಕೋ ಅಷ್ಟೇ ದೊಡ್ಡ ನೆಗೆಟಿವ್ ಬೇಕಾಗುತ್ತಿತ್ತು. ಅವನ ಹಾಳೆಗಳ ಉದ್ದ ಒಂದು ಅಡಿಯನ್ನು ಮೀರಿದ್ದಿತು. ಹೊಯ್ಸಳ ಶಿಲ್ಪ ಆ ಹಾಳೆಗೆ ಒಪ್ಪಿತು. ಕಲ್ಲು ಕಾಯುತ್ತದೆ, ಎಷ್ಟು ನಿಮಿಷ ಬೇಕಾದರೂ ಕಾಯುತ್ತದೆ. ಮರು ವರ್ಷ ಮದರಾಸಿನ ಪ್ರದರ್ಶನದಲ್ಲಿ ಅವನು 68 ಚಿತ್ರಗಳನ್ನು ಇಟ್ಟಾಗ ತೀರ್ಪುಗಾರರು ಪದಕವನ್ನಿತ್ತು ಮನ್ನಿಸಿದರು.

ಆ ಮನ್ನಣೆ ಅವನನ್ನು ದೂರಕ್ಕೆ ಒಯ್ದಿತು. 1855ರಲ್ಲಿ ಬರ್ಮಾದ ದೊರೆಯ ಬಳಿಗೆ ಹೊರಟ ಫೇರ್‌ನ ನಿಯೋಗಕ್ಕೆ ಟ್ರೈಪನೇ ಛಾಯಾಗ್ರಾಹಕ. ಮಳೆ, ಮೋಡ, ಕಾಯಿಲೆಗಳ ನಡುವೆ ಅವನಿಗೆ ದೊರೆತ ಕೆಲಸದ ದಿನಗಳು 36 ಮಾತ್ರ. ಆದರೂ ಇನ್ನೂರಕ್ಕೂ ಮಿಕ್ಕಿದ ನೆಗೆಟಿವ್‌ಗಳೊಡನೆ ಹಿಂದಿರುಗಿದನು. ಅವುಗಳಲ್ಲಿ 120ನ್ನು ಆಯ್ದು, ತಲಾ 50 ಪ್ರತಿಗಳಂತೆ ಸಂಪುಟಗಳನ್ನು ಅಣಿಗೊಳಿಸಿದ್ದು ನಮ್ಮ ಬೆಂಗಳೂರಿನಲ್ಲಿಯೇ ಎಂಬುದು ನನಗೆ ಸಂತೋಷದ ಸಂಗತಿ. ಅಂದಿನ ರಾಸಾಯನಿಕಗಳಿಗೆ ನೀಲಿ ಆಕಾಶ ಬರಿಯ ಬಿಳುಪಾಗಿ ತೋರುತ್ತಿತ್ತು. ಟ್ರೈಪ್ ನೆಗೆಟಿವ್‌ಗಳ ಮೇಲೆ ಕುಂಚದಿಂದ ಮೋಡಗಳನ್ನು ಬರೆದು ಆ ಕೊರತೆಯನ್ನು ತುಂಬಿದನು. ಆದರೆ ಜನಜೀವನ ಮಾತ್ರ ಅವನ ಹಾಳೆಗೆ ಸಿಕ್ಕಲಿಲ್ಲ. ನಡೆಯುವವರು ಕರಗಿಹೋದರು, ಬೀದಿಗಳು ಬರಿದಾಗಿ ಕಾಣುತ್ತವೆ. ಉಪಕರಣದ ಮಿತಿಯೇ ಅವನ ಚಿತ್ರಗಳಿಗೆ ಒಂದು ಗಂಭೀರ ಮೌನವನ್ನು ಕೊಟ್ಟಿತು.

1856ರಲ್ಲಿ ಮದರಾಸು ಸರ್ಕಾರವು ಅವನನ್ನು ಪ್ರಾಂತದ ಛಾಯಾಗ್ರಾಹಕನನ್ನಾಗಿ ನೇಮಿಸಿತು. 1857ರ ಕೊನೆಯಿಂದ ಕೆಲವು ತಿಂಗಳು ಶ್ರೀರಂಗ, ಮಧುರೆ, ಪುದುಕೋಟೆ, ತಂಜಾವೂರುಗಳನ್ನು ಸುತ್ತಿದನು. ತಂಜಾವೂರಿನ ಬೃಹದೀಶ್ವರ ದೇವಾಲಯದ ಅಧಿಷ್ಠಾನದ ಶಾಸನವನ್ನು ಕ್ಯಾಮೆರಾ ಸರಿಸುತ್ತ ಸರಿಸುತ್ತ 21 ಚಿತ್ರಗಳಲ್ಲಿ ಹಿಡಿದು ಜೋಡಿಸಿದನು. ಅದರ ಉದ್ದ ಸುಮಾರು 19 ಅಡಿ. ಶಾಸನಾಭ್ಯಾಸಿಗಳು ಕೈಮುಗಿಯಬೇಕಾದ ಕೆಲಸ. ಇಲ್ಲಿಯೇ ಇನ್ನೊಂದು ವಿಷಯವನ್ನು ಗಮನಿಸಬೇಕು. ಎರಡು ಕಣ್ಣಿನಿಂದ ನೋಡಿ ಆಳವನ್ನು ಕಾಣುವ ಸಣ್ಣ ಜೋಡಿಚಿತ್ರಗಳಿಗೆ ಅವನು ಗಾಜನ್ನೇ ಬಳಸಿದನು. ಅಂದರೆ ಅವನು ಹಳತರ ಮೋಹಿಯಲ್ಲ, ಹೊಸತರ ದ್ವೇಷಿಯೂ ಅಲ್ಲ. ಕೆಲಸ ಯಾವುದನ್ನು ಕೇಳಿತೋ ಅದನ್ನು ಕೊಟ್ಟನು.

ಇಷ್ಟಾದರೂ ಅವನ ಉದ್ಯೋಗ ಉಳಿಯಲಿಲ್ಲ. 1857ರ ದಂಗೆಯ ಬಳಿಕ ಬೊಕ್ಕಸ ಬರಿದಾಗಿತ್ತು. 1859ರಲ್ಲಿ ಗವರ್ನರ್ ಆಗಿ ಬಂದ ಸರ್ ಚಾರ್ಲ್ಸ್ ಟ್ರೆವಿಲಿಯನ್ನನಿಗೆ ಈ ಇಲಾಖೆ ಭೋಗದ ವೆಚ್ಚವಾಗಿ ಕಂಡಿತು. ಕೆಲಸ ನಿಲ್ಲಿಸಬೇಕೆಂದು ಆಜ್ಞೆಯಾಯಿತು. 1860ರಲ್ಲಿ ಟ್ರೈಪ್ ತನ್ನ ಸಾಮಗ್ರಿಗಳನ್ನು ಕಟ್ಟಿಟ್ಟನು. ಅವನನ್ನು ಸೋಲಿಸಿದ್ದು ಕ್ಯಾಮೆರಾ ಅಲ್ಲ, ಹಾಳೆಯೂ ಅಲ್ಲ. ಹಣ ಕೊಡುವವರ ಮನಸ್ಸು.

ಆಂಧ್ರದ ಗಡಿಗೆ ಸಮೀಪದ ನಗರಗೆರೆಯ ಕಡೆಯವನಾದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮದುವೆ, ಗೃಹಪ್ರವೇಶ, ಜಾತ್ರೆಗಳ ಚಿತ್ರ ತೆಗೆದು ಸ್ವತಂತ್ರವಾಗಿ ಜೀವನ ಮಾಡುತ್ತಾನೆ. ಹತ್ತು ವರ್ಷದ ಡಿಜಿಟಲ್ ಕ್ಯಾಮೆರಾವನ್ನು ಬಿಟ್ಟು ಹೊಸ ಮಿರರ್‌ಲೆಸ್ ಕ್ಯಾಮೆರಾವನ್ನು ಸಾಲ ಮಾಡಿಯಾದರೂ ಕೊಳ್ಳಬೇಕೇ ಎಂದು ನನ್ನನ್ನು ಕೇಳಿದನು. ಯಂತ್ರದ ವಿಷಯದಲ್ಲಿ ನಾನು ಬರಿಯ ಕನ್ನಡ ಮೇಷ್ಟ್ರು. ಟ್ರೈಪನ ಕಥೆಯನ್ನೇ ಹೇಳಿ ಕೆಲವು ಪ್ರಶ್ನೆ ಹಾಕಿದೆ. ನೀನು ಹಿಡಿಯುವುದು ಕಾಯುವ ಕಲ್ಲನ್ನೋ, ಕಾಯದ ಮುಹೂರ್ತವನ್ನೋ? ಮಂದಬೆಳಕಿನ ಛತ್ರದಲ್ಲಿ ಹಳೆಯ ಕ್ಯಾಮೆರಾ ಸೋತು ನಿನ್ನ ಕೈತಪ್ಪಿದ ಚಿತ್ರಗಳೆಷ್ಟು? ಆ ಸೋಲು ಕ್ಯಾಮೆರಾದ್ದೋ ಅದರ ಮಸೂರದ್ದೋ, ಲಗ್ನದ ತಿಂಗಳುಗಳಲ್ಲಿ ಹೊಸದನ್ನು ಬಾಡಿಗೆಗೆ ತಂದು ನೋಡಿದೆಯಾ? ಕೊನೆಯದಾಗಿ, ಲಗ್ನಗಳಿಲ್ಲದ ಆಷಾಢದಲ್ಲಿಯೂ ಕಂತು ಕಟ್ಟಬಲ್ಲೆಯಾ? ತಾಳಿಯ ಗಳಿಗೆ ಎರಡು ಸಲ ಬರುವುದಿಲ್ಲ; ಅದನ್ನು ಹಿಡಿಯಲಾರದ ಉಪಕರಣವನ್ನು ಅಭಿಮಾನಕ್ಕಾಗಿ ಇಟ್ಟುಕೊಳ್ಳುವುದು ತಪ್ಪು. ನೆರೆಯವನ ಹೆಗಲಲ್ಲಿ ಹೊಸದು ತೂಗುತ್ತಿದೆಯೆಂದು ಸಾಲಕ್ಕೆ ಬೀಳುವುದೂ ತಪ್ಪು.

ಟ್ರೈಪ್ ಅಂಥ ದೊಡ್ಡ ಕೆಲಸಕ್ಕೆ ಮತ್ತೆ ಕೈಯಿಡಲಿಲ್ಲ. ಸೈನ್ಯದಿಂದ ನಿವೃತ್ತನಾಗಿ ಹುಟ್ಟೂರಿಗೆ ಮರಳಿ, 1902ರ ಮಾರ್ಚ್‌ನಲ್ಲಿ ಅಲ್ಲಿಯೇ ತೀರಿಕೊಂಡನು. ಅಷ್ಟರಲ್ಲಿ ಮೇಣದ ಹಾಳೆ ಮರೆತುಹೋಗಿತ್ತು. ಹಸಿ ಗಾಜೂ ಹಳತಾಗಿ, ಸುರುಳಿ ಫಿಲ್ಮಿನ ಪುಟ್ಟ ಪೆಟ್ಟಿಗೆಗಳು ಮಕ್ಕಳ ಕೈಗೂ ಬಂದಿದ್ದವು. ಅವನ ಹೆಸರನ್ನು ಉಳಿಸಿದ್ದು ಎಂಟು ವರ್ಷಗಳೊಳಗಿನ ದುಡಿಮೆ ಮಾತ್ರ. ಯಾವ ವಿಧಾನವೂ ಶಾಶ್ವತವಲ್ಲ. ತನ್ನ ಕೆಲಸವನ್ನು ಅರಿತು ಅದಕ್ಕೆ ತಕ್ಕ ಸಾಧನವನ್ನು ಆರಿಸಿದವನ ಚಿತ್ರಗಳು ಮಾತ್ರ ಆ ವಿಧಾನವನ್ನು ಮೀರಿ ಬದುಕುತ್ತವೆ.